ಅಟ್ಟದ ಮೇಲಿನ ಡೇರೆ

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ನಾಲ್ವರು ಹೆಂಗಸರು ಠಾಣೆಯ ಮೆಟ್ಟಿಲು ಹತ್ತಿದರು. ಮುಂದಿದ್ದವಳು ಕಲ್ಲುಬಾವಿಪಾಳ್ಯದ ಸುನಂದಾ, ಊರಿಗೆಲ್ಲ ರವಿಕೆ ಹೊಲಿದುಕೊಡುವವಳು. ಸಬ್ ಇನ್‌ಸ್ಪೆಕ್ಟರ್ ಜ್ಞಾನೇಶನ ಮೇಜಿನ ಮೇಲೆ ಅವಳು ಒಂದು ತುಂಡು ನೀಲಿ ಟಾರ್ಪಾಲು ತಂದಿಟ್ಟಳು. ಅದರ ಅಂಚು ಹರಿದಿರಲಿಲ್ಲ, ಕೊಯ್ದಿತ್ತು.

"ಏನಿದು?"

"ನಮ್ಮ ಡೇರೆ ಸಾರ್. ಎರಡೂ ಹೋಯ್ತು. ಯಾರೋ ನಮ್ಮನೆ ಅಟ್ಟ ಹತ್ತಿ ಚಿಂದಿ ಮಾಡವ್ರೆ."

ವಿಷಯ ಇಷ್ಟು. ಈ ನಾಲ್ವರೂ ಡೈರಿಗೆ ಹಾಲು ಹಾಕಲು ಹೋದಾಗ ಜೊತೆಯಾದವರು. ಕಾರವಾರದ ಕಡೆ ಸಮುದ್ರದೊಳಗೊಂದು ದ್ವೀಪವಿದೆ, ಅಲ್ಲಿ ಎರಡು ರಾತ್ರಿ ಡೇರೆ ಹೊಡೆದು ಇದ್ದು ಬರಬೇಕು ಎಂದು ಹತ್ತು ತಿಂಗಳಿಂದ ಲೆಕ್ಕ ಹಾಕುತ್ತಿದ್ದರು. ನಾಲ್ವರಲ್ಲಿ ಒಬ್ಬಳೂ ಸಮುದ್ರ ಕಂಡವಳಲ್ಲ. ಅರಣ್ಯ ಇಲಾಖೆಗೆ ಅರ್ಜಿ ಹಾಕಿ, ಅಲೆದು, ಕೊನೆಗೂ ಬರುವ ಶುಕ್ರವಾರಕ್ಕೆ ಅನುಮತಿ ಪಡೆದಿದ್ದರು. ಆ ದಿನ ತಪ್ಪಿದರೆ ಮಳೆಗಾಲ, ದೋಣಿಯೇ ಇಲ್ಲ. ಡೇರೆಗಳನ್ನು ಸುನಂದಾ ತನ್ನ ಮಿಷನ್ನಿನಲ್ಲೇ ಹೊಲಿದಿದ್ದಳು, ದಪ್ಪ ಟಾರ್ಪಾಲಿಗೆ ಮುರಿದ ಸೂಜಿಗಳಿಗೆ ಲೆಕ್ಕವಿರಲಿಲ್ಲ.

"ಇದಕ್ಕೆಲ್ಲ ಕೇಸ್ ಮಾಡ್ತಾರಾ ಸಾರ್ ಅಂತ ಊರೋರು ನಗ್ತಾವ್ರೆ," ಎಂದಳು ಸುನಂದಾ. "ಮಾಡ್ತೀರಾ?"

ಜ್ಞಾನೇಶ್‌ಗೆ ಮೈ ಉರಿಯಿತು. ಗಂಡಸರ ಬೈಕಿಗೆ ಯಾರೋ ಗೀರಿದರೆ ಅರ್ಧ ಊರು ಠಾಣೆಗೆ ಬರುತ್ತದೆ. ಹೆಂಗಸರು ಕಣ್ಣು ನೋಯಿಸಿಕೊಂಡು ಹೊಲಿದದ್ದನ್ನು ಕೊಯ್ದರೆ ಅದು ನಗೆಪಾಟಲು! "ಕೂತ್ಕೊಳ್ಳಮ್ಮ," ಎಂದು ದೂರು ಬರೆಸಿಕೊಂಡು, ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಿಸಿದ. ಮಹಿಳಾ ಕಾನ್‌ಸ್ಟೇಬಲ್ ಭಾನುಪ್ರಿಯಾಳನ್ನೂ ಸುನಂದಾಳನ್ನೂ ಕರೆದುಕೊಂಡು ಜೀಪು ಹತ್ತಿದ.

ಕಲ್ಲುಬಾವಿಪಾಳ್ಯ ದಂಡಿನಶಿವರದ ಆಚೆ, ತೆಂಗಿನ ತೋಟಗಳ ನಡುವೆ. ಸುನಂದಾಳ ಗಂಡ ಗಂಗಾಧರ ಬಾಗಿಲಲ್ಲೇ ಅಡ್ಡ ನಿಂತ.

"ಕೇಸು ಗೀಸು ಬೇಡ ಬುಡಿ ಸಾರ್. ಹೆಂಗಸ್ರ ಆಟ ಇದು."

"ಆಟವೋ ಊಟವೋ, ದೂರು ಕೊಟ್ಟಾಗಿದೆ. ಪಕ್ಕಕ್ಕೆ ಬನ್ನಿ."

ಆಳೆತ್ತರಕ್ಕೂ ಮೇಲಿದ್ದ ಅಟ್ಟಕ್ಕೆ ಏಣಿ ಒರಗಿಸಿತ್ತು. ಕೊಬ್ಬರಿಯಾಗಲೆಂದು ಹಾಕಿದ ಕಾಯಿ ತುಂಬಿತ್ತು; ಈ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಬಿಡುತ್ತಾರೆ, ಒಳಗೇ ಒಣಗಿ ಕೊಬ್ಬರಿ ಚಿಪ್ಪು ಬಿಟ್ಟುಕೊಳ್ಳುತ್ತದೆ. ಡೇರೆಯ ಚೀಲಗಳನ್ನು ಮೂಲೆಯಲ್ಲಿಟ್ಟ ಮೇಲೆ ಅದರ ಮೇಲೂ ಕಾಯಿ ಸುರಿದಿದ್ದರು. ಈಗ ಕಾಯಿಗಳನ್ನು ಸರಿಸಿ ಎರಡು ಗುಡ್ಡೆ ಮಾಡಿತ್ತು, ನಡುವೆ ನೀಲಿ ಚಿಂದಿ ಬಿದ್ದಿತ್ತು. ನೆರೆಯ ಇಬ್ಬರನ್ನು ಪಂಚರನ್ನಾಗಿ ಕರೆದು ಭಾನುಪ್ರಿಯಾ ಪಂಚನಾಮೆ ಬರೆದಳು. ಚಿಂದಿಯನ್ನೆಲ್ಲ ಗೋಣಿಗೆ ತುಂಬಿ ಸೀಲು ಹಾಕಿದರು.

"ಕೊನೆ ಸಲ ಯಾವಾಗ ನೋಡಿದ್ರಿ?" ಎಂದು ಜ್ಞಾನೇಶ್ ಸುನಂದಾಳನ್ನು ಕೇಳಿದ.

"ಶನಿವಾರ ಸಂಜೆ. ಕಾಯಿ ಹಂಗೇ ಮುಚ್ಚಿತ್ತು. ನೆನ್ನೆ ನಾವು ನಾಲ್ಕೂ ಜನ ತಿಪಟೂರಿಗೆ ಹೋಗಿದ್ವಿ, ಹಗ್ಗ, ಟಾರ್ಚು ತರಕ್ಕೆ. ಬರೋದ್ರಲ್ಲಿ ಸಂಜೆ ಆಗಿತ್ತು, ಅಟ್ಟ ನೋಡಿದ್ರೆ ಹಿಂಗಾಗಿತ್ತು. ಇವ್ರು ನೊಣವಿನಕೆರೆಗೆ ಮದುವೆಗೆ ಹೋಗಿದ್ರು."

"ಮನೇಲಿ ಯಾರಿದ್ರು?"

"ಅತ್ತೆ ಇದ್ರು. ಕೊಟ್ಟಿಗೇಲಿ ಇರ್ತಾರೆ, ಅವ್ರಿಗೇನೂ ಕೇಳಿಸ್ಲಿಲ್ವಂತೆ. ಮಂಡಿನೋವು, ಏಣಿ ಹತ್ತೋದು ಬಿಟ್ಟು ಕಾಲ ಆಯ್ತು."

ಅತ್ತೆ ಚಿಕ್ಕಗೌರಮ್ಮ ಅಷ್ಟರಲ್ಲಿ ಒಂದು ತಟ್ಟೆ ಚಕ್ಕುಲಿ, ಎರಡು ಲೋಟ ಕಾಪಿ ತಂದಿಟ್ಟು ಹಿತ್ತಲಿಗೆ ಹೋದರು. ದ್ವೀಪಕ್ಕೆಂದು ಕರಿದ ಚಕ್ಕುಲಿಯಂತೆ ಅದು. ನೀವು ಊರಲ್ಲಿಲ್ಲದಾಗ ಮನೆ, ದನ ಯಾರು ನೋಡಿಕೊಳ್ಳುತ್ತಿದ್ದರು ಎಂದು ಜ್ಞಾನೇಶ್ ಕೇಳಿದ.

"ಅತ್ತೆ ಇದಾರಲ್ಲ," ಎಂದಳು ಸುನಂದಾ.

ಅನುಮಾನಕ್ಕೆ ಹೆಸರೇನೂ ಹುಡುಕಬೇಕಾಗಿರಲಿಲ್ಲ. ಪಂಚಾಯ್ತಿ ಮಾಜಿ ಸದಸ್ಯ ಶ್ರೀರಂಗಯ್ಯ ಶನಿವಾರ ಅರಳಿಕಟ್ಟೆಯ ಮೇಲೆ ನಿಂತು, ಗಂಡಂದಿರನ್ನು ಬಿಟ್ಟು ಬಯಲಲ್ಲಿ ಮಲಗುವ ಹೆಂಗಸರು ಅದ್ಹೇಗೆ ಹೋಗುತ್ತಾರೋ ನೋಡುತ್ತೇನೆ ಎಂದು ಊರಿಗೇ ಕೇಳುವಂತೆ ಕೂಗಿದ್ದ. ಮಧ್ಯಾಹ್ನ ಮೂರು ಗಂಟೆಗೆ ಅವನನ್ನು ಠಾಣೆಗೆ ಕರೆಸಿದರು. ಬಂದವನು ಕುರ್ಚಿ ಎಳೆದುಕೊಂಡು ಕಾಲ ಮೇಲೆ ಕಾಲು ಹಾಕಿ ಕೂತ.

"ನೆನ್ನೆ ಎಲ್ಲಿದ್ರಿ?"

"ಎಲ್ಲಿದ್ರೆ ನಿಮಗ್ಯಾಕೆ ಸ್ವಾಮಿ? ನಾನು ಹೇಳಿದ್ರಲ್ಲಿ ತಪ್ಪೇನೈತೆ?"

"ಕಾಲು ಇಳಿಸಿ ಮಾತಾಡಿ. ಎಲ್ಲಿದ್ರಿ?"

ನೊಣವಿನಕೆರೆಯ ಮದುವೆಯಲ್ಲಿದ್ದನಂತೆ. ಮದುವೆಯವರ ವಿಡಿಯೋ ತರಿಸಿದರು. ಬೆಳಗಿನ ಧಾರೆಯಿಂದ ಕೊನೆಯ ಪಂಕ್ತಿಯವರೆಗೆ ಪಂಚೆ ಎತ್ತಿ ಕಟ್ಟಿ, ಬಕೆಟ್ ಹಿಡಿದು ಎಲ್ಲರ ಎಲೆಗೂ ಪಾಯಸ ಬಡಿಸುತ್ತಿದ್ದಾನೆ ಪುಣ್ಯಾತ್ಮ! ಒಂದು ಎಲೆಯ ಮುಂದೆ ಗಂಗಾಧರನೂ ಕೂತು ಸೊರಸೊರ ಉಣ್ಣುತ್ತಿದ್ದಾನೆ. ಒಂದೇ ವಿಡಿಯೋದಲ್ಲಿ ಇಬ್ಬರೂ ಜಾರಿಕೊಂಡರು.

"ಇಂಥೋನ್ನ ಒಳಗೆ ಹಾಕಕ್ಕೆ ಆಗಲ್ವಲ್ಲ ಅಂತ ಹೊಟ್ಟೆ ಉರೀತದೆ ಸಾರ್," ಎಂದಳು ಭಾನುಪ್ರಿಯಾ.

ಸಂಜೆ ಸುನಂದಾ ಮತ್ತೆ ಬಂದಳು. "ಚಿಂದಿ ಕೊಡಿ ಸಾರ್. ಹಗಲೂ ರಾತ್ರಿ ಕೂತು ಜೋಡಿಸ್ತೀನಿ. ಗುರುವಾರದ ಹೊತ್ತಿಗೆ ಒಂದು ಡೇರೆನಾದ್ರೂ ಆಗ್ತದೆ."

"ಸೀಲು ಹಾಕಿದ ಮಾಲು ಅದು. ಕೋರ್ಟ್ ಹೇಳದೆ ಬಿಡೋ ಹಾಗಿಲ್ಲ."

ಅವಳು ಅವನನ್ನೇ ದಿಟ್ಟಿಸಿದಳು. "ಕುಯ್ದೋರು ಅರ್ಧ ಕೆಡಿಸಿದ್ರು, ಇನ್ನರ್ಧ ನೀವು ಕೆಡಿಸಿದ್ರಿ," ಎಂದವಳೇ ಹೊರಟುಹೋದಳು.

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಜ್ಞಾನೇಶ್ ಮತ್ತೆ ಆ ಅಟ್ಟ ಹತ್ತಿದ. ಅವನೂ ತೆಂಗಿನ ತೋಟದ ಮನೆಯವನೇ. ಸುತ್ತ ನೋಡುತ್ತಾ ಕೈಗೆ ಸಿಕ್ಕ ಕಾಯೊಂದನ್ನು ಎತ್ತಿ, ಸುಮ್ಮನೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಲೊಟಲೊಟ ಎಂದಿತು, ಒಳಗೆ ಕೊಬ್ಬರಿ ಆಗಿತ್ತು. ಅದೇ ಗುಡ್ಡೆಯ ಇನ್ನೊಂದು ಎತ್ತಿದ. ಅದೂ ಲೊಟಲೊಟ. ಪಕ್ಕದ ಗುಡ್ಡೆಯಿಂದ ಎತ್ತಿದ್ದು ಸದ್ದೇ ಮಾಡಲಿಲ್ಲ. ಒಳಗೆ ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿರಲಿಲ್ಲ. ಮತ್ತೊಂದು, ಮಗದೊಂದು, ಆ ಗುಡ್ಡೆಯದು ಎಲ್ಲವೂ ಮೂಕ.

ಕೆಳಗೆ ಬಗ್ಗಿ ಕೂಗಿದ. "ಶನಿವಾರ ಕಾಯಿ ಹೀಗೆ ಬೇರೆ ಬೇರೆ ಇತ್ತಾ?"

"ಇಲ್ಲ ಸಾರ್," ಎಂದಳು ಸುನಂದಾ. "ಹಳೇದು, ಹೊಸದು ಎಲ್ಲಾ ಕಲಸೋಗಿತ್ತು."

ಅಲ್ಲ, ಡೇರೆ ಕೊಯ್ಯಲು ಕಳ್ಳತನದಲ್ಲಿ ಬಂದವರು ಒಂದೊಂದೇ ಕಾಯಿ ಅಲ್ಲಾಡಿಸಿ, ಆದದ್ದು ಈ ಕಡೆ, ಆಗದ್ದು ಆ ಕಡೆ ಎಂದು ಆರಿಸುತ್ತಾ ಕೂರುತ್ತಾರೆಯೇ? ಹೊರಗಿನವನಾದರೆ ಕಾಲಲ್ಲಿ ತಳ್ಳಿ ಕೆಲಸ ಮುಗಿಸುತ್ತಿದ್ದ. ಹೀಗೆ ಮಾಡಲು ಕೈಗೆ ಅಭ್ಯಾಸವಾಗಿ ಹೋಗಿರಬೇಕು. ಎಷ್ಟೇ ಸಿಟ್ಟು ಬಂದಿರಲಿ, ಕಾಯಿ ಮುಟ್ಟಿದೊಡನೆ ಕೈ ತಾನಾಗಿ ಕಿವಿಯ ಹತ್ತಿರ ಹೋಗಬೇಕು.

ಅವನು ಕೆಳಗಿಳಿದು ಗಂಗಾಧರನನ್ನು ಕೇಳಿದ. "ನಿಮ್ಮನೇಲಿ ಅಟ್ಟದಲ್ಲೇ ಕಾಯಿ ಆರಿಸೋರು ಯಾರು?"

"ಯಾರೂ ಇಲ್ಲ ಸಾರ್. ಕೂಲಿಯೋರು ಎಲ್ಲಾ ಕೆಳಗಿಳಿಸಿದ ಮೇಲೇನೇ ನೋಡೋದು. ಮುಂಚೆ ನಮ್ಮವ್ವ ಮಾಡ್ತಿತ್ತು..." ಎಂದವನು ಅಲ್ಲಿಗೇ ಬಾಯಿ ಮುಚ್ಚಿದ.

ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿದ್ದ ಕುಡುಗೋಲನ್ನು ಭಾನುಪ್ರಿಯಾ ತಂದಳು. ಹಿಡಿಯ ಸಂದಿನಲ್ಲಿ ನೀಲಿ ಎಳೆಗಳು ಸಿಕ್ಕಿಕೊಂಡಿದ್ದವು. ಪಂಚರ ಮುಂದೆ ಅದನ್ನೂ ವಶಪಡಿಸಿಕೊಂಡರು. ಹಸುವಿಗೆ ಹುಲ್ಲು ಹಾಕುತ್ತಿದ್ದ ಚಿಕ್ಕಗೌರಮ್ಮ ಕೈ ಕೊಡವಿಕೊಂಡು ಎದುರಿಗೆ ಬಂದು ನಿಂತರು.

"ಏಣಿ ಹತ್ತಿದ್ರಾ ಅಮ್ಮ?"

"ಹೂ ಕಣಪ್ಪ, ಹತ್ತಿದ್ದೆ. ನಾನೇ ಕುಯ್ದಿದ್ದು. ಬರ್ಕೋ."

"ಮಂಡಿನೋವು?"

"ನೋವೈತೆ. ನೋವಲ್ಲೇ ಹತ್ತಿದೆ."

"ಯಾಕೆ ಕುಯ್ದ್ರಿ?"

ಮುದುಕಿ ಸೊಸೆಯ ಕಡೆ ತಿರುಗಿದರು. ದನಿಯಲ್ಲಿ ಅಳುವಿರಲಿಲ್ಲ, ಬರೀ ಸಿಟ್ಟಿತ್ತು. "ಹತ್ತು ತಿಂಗ್ಳು ಈ ಜಗುಲಿ ಮ್ಯಾಲೇ ಕೂತ್ಕೊಂಡು ಮಾತಾಡಿದ್ರಲ್ಲೇ. ಕಾಪಿ ಕಾಸ್ಕೊಟ್ಟೋಳು ನಾನು. ಚಕ್ಲಿ ಕರ್ದೋಳು ನಾನು. ಡೇರೆ ಎಲ್ಲಿ ಹೊಡೀಬೇಕು, ಬೆಳಿಗ್ಗೆ ಸೂರ್ಯ ಯಾವ ಕಡೆ ಕಾಣ್ತಾನೆ, ಕೇಳೀ ಕೇಳೀ ಆ ದ್ವೀಪ ನಂಗೂ ಬಾಯಿಪಾಠ ಆಗೋಗಿತ್ತು. ಒಬ್ಳಾದ್ರೂ ನೀನೂ ಬಾರವ್ವ ಅಂದ್ಲಾ? ನಾಕು ಮನೆ ದನ, ಮೂರು ಮನೆ ಐಕ್ಳು, ಎಲ್ಲಾ ನನ್ನ ತಲೆಗೆ ಕಟ್ಟಿದ್ರಿ. ನೋಡ್ಕೊತೀಯಾ ಅಂತ ಕೇಳ್ಲೂ ಇಲ್ಲ. ಅತ್ತೆ ಇದಾರಲ್ಲ ಅಂದ್ರಿ. ದನ ಕಟ್ಟಕ್ಕೆ ಗೂಟ ಐತಲ್ಲ ಅಂದಂಗೆ!"

"ನನಗೂ ಬರಬೇಕು ಅನ್ನಿಸ್ತೈತೆ ಅಂತ ಒಂದು ಮಾತು ಹೇಳಬಾರ್ದಿತ್ತಾ ಅತ್ತೆ?" ಎಂದಳು ಸುನಂದಾ. "ಆ ಶ್ರೀರಂಗಯ್ಯ ಕುಯ್ದಿದ್ರೆ ಬೈಕೊಂಡು ಸುಮ್ಮನಾಗ್ತಿದ್ದೆ. ನೀವು ಕುಯ್ದ್ರಲ್ಲ!"

"ಬೇಡ್ಕೊಂಡು ಬರ್ಬೇಕಿತ್ತಾ ನಾನು? ನಿಮ್ಮಾವ ಬದುಕಿರೋವರ್ಗೂ ಎಲ್ಲಾದ್ರೂ ಕರ್ಕೊಂಡೋಗಿ ಅಂತ ಬೇಡ್ದೆ. ಮುಂದ್ಲೊರ್ಷ, ಮುಂದ್ಲೊರ್ಷ ಅಂತಿದ್ರು. ಇನ್ನು ನಿನ್ನೂ ಬೇಡ್ಲಾ?"

ಗಂಗಾಧರ ನಡುವೆ ಬಂದ. "ಸಾರ್, ಮನೆ ಮಾತಾಯ್ತು. ಕೇಸು ಬುಟ್ಬುಡಿ."

"ನೀವು ಸುಮ್ಮನಿರ್ರೀ," ಎಂದಳು ಸುನಂದಾ. "ಬೇರೆಯೋರಾಗಿದ್ರೆ ಹಿಡೀತಿದ್ರಲ್ಲ ಸಾರ್? ಹಂಗೇ ಹಿಡೀರಿ."

"ಹಿಡೀಲಿ ಬುಡು," ಎಂದು ಚಿಕ್ಕಗೌರಮ್ಮ ತಾವೇ ಹೋಗಿ ಜೀಪು ಹತ್ತಿ ಕೂತರು.

ಹನ್ನೆರಡೂವರೆಗೆ ದಸ್ತಗಿರಿ ತೋರಿಸಿದರು. ಸುದ್ದಿ ಯಾರಿಗೆ ತಿಳಿಸಬೇಕು ಎಂದು ಭಾನುಪ್ರಿಯಾ ನಿಯಮದಂತೆ ಕೇಳಿದಾಗ, ಮುದುಕಿ "ಸುನಂದಾ ಅಂತ ಬರ್ಕೋ," ಎಂದರು. ಜಾಮೀನು ಸಿಗುವ ಅಪರಾಧವಾದ್ದರಿಂದ ಠಾಣೆಯಲ್ಲೇ ಬಿಡಬಹುದಿತ್ತು, ಆದರೆ ಯಾರಾದರೂ ಬಂದು ಹೊಣೆ ಹೊರಬೇಕಿತ್ತು. ನಾಲ್ಕು ಗಂಟೆಗೆ ಸುನಂದಾ ಒಬ್ಬಳೇ ಬಂದಳು. ಅತ್ತೆಯ ಮುಖವನ್ನೂ ನೋಡದೆ ಎಲ್ಲಿ ತೋರಿಸಿದರೋ ಅಲ್ಲಿ ರುಜು ಹಾಕಿದಳು. ಡೇರೆಯ ಮಾತು ಎತ್ತಲಿಲ್ಲ. ಗೋಣಿಯ ಮೂಟೆ ಮೂಲೆಯಲ್ಲಿ ಸೀಲು ಹೊದ್ದು ಬಿದ್ದಿತ್ತು, ಶುಕ್ರವಾರ ಕೋರ್ಟಿನ ದಾರಿ ಕಾಯುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಗೇಟಿನ ತನಕ ಹೋದ ಸುನಂದಾ ಹಿಂದಿರುಗಿ ನೋಡಿದಳು. ಚಿಕ್ಕಗೌರಮ್ಮ ಮೆಟ್ಟಿಲ ಮೇಲೆ ನಿಂತೇ ಇದ್ದರು.

"ಇನ್ನೇನ್ ನಿಂತಿದೀರಾ?" ಎಂದಳು ಅವಳು, ಸಿಟ್ಟು ಒಂಚೂರೂ ಇಳಿದಿರಲಿಲ್ಲ. "ಬಸ್ ಬಂತು. ನೀವೂ ಬನ್ನಿ."

ಮುದುಕಿ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಅವಳ ಹಿಂದೆ ಹೋದರು.

ಭಾನುಪ್ರಿಯಾ ಪೆನ್ನು ಹಿಡಿದು ಕಾಯುತ್ತಿದ್ದಳು. "ಸಾರ್, ಕೃತ್ಯಕ್ಕೆ ಕಾರಣ ಏನಂತ ಬರೀಲಿ? ದ್ವೇಷ ಅಂತ ಬರೀಲಾ?"

ಜ್ಞಾನೇಶ್ ಕಿಟಕಿಯಿಂದ ಬಸ್ಸು ಹೊರಡುವುದನ್ನೇ ನೋಡುತ್ತಿದ್ದ.

"ಕರೀಲಿಲ್ಲ ಅಂತ ಬರಿ," ಎಂದ.