ಕಿವಿಯಂತ್ರ ತೆಗೆದ ಮೇಲೆ

ಗುಳೇದಗುಡ್ಡದ ನಮ್ಮ ಮನೆಯಲ್ಲಿ ಕುಪ್ಪಸದ ಖಣ ನೇಯುವ ಮಗ್ಗವಿತ್ತು. ನನಗೆ ಕಿವಿ ತೀರಾ ಮಂದ. ತವರಿನವರು ಕೊಡಿಸಿದ್ದ, ಕೊರಳಿಗೆ ಡಬ್ಬಿ ತೂಗುಹಾಕಿಕೊಳ್ಳುವ ಕಿವಿಯಂತ್ರವನ್ನು ಅತ್ತೆ ಸಿದ್ದವ್ವ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರು.

"ಕೊರಳಾಗ ಡಬ್ಬಿ ಕಟಗೊಂಡು ತಿರಗಬ್ಯಾಡ. ಕಿವುಡಿ ಸೊಸಿನ್ನ ತಂದಾರಂತ ಮಂದಿ ನಗತಾರ," ಎಂದು ನನ್ನ ಕಿವಿಗೆ ಬಾಯಿಟ್ಟು ಕೂಗುತ್ತಿದ್ದರು.

೧೯೮೩ರಲ್ಲಿ ಅತ್ತೆ ತೀರಿಕೊಂಡರು. ಮಣ್ಣು ಮಾಡಿದ ಮರುದಿನವೇ ನಾನು ಟ್ರಂಕು ತೆಗೆದು ಯಂತ್ರ ಹಾಕಿಕೊಂಡೆ. ಹಾಡುಹಗಲು. ಗಂಡ ನೇಯುತ್ತಿದ್ದ ಮಗ್ಗದ ಸದ್ದು, ಓಣಿಯ ಮಾತು ಎಲ್ಲ ಕೇಳಿತು. ಆಮೇಲೆ ಕಿವಿಯೊಳಗೆ ತಣ್ಣನೆಯ ಉಸಿರು ತಾಗಿತು.

"ಏ ಕಿವುಡಿ, ಈಗರೆ ಕೇಳತೈತೇನ?"

ಅತ್ತೆಯದೇ ದನಿ. ಯಂತ್ರ ಕಿತ್ತು ನೆಲಕ್ಕೆಸೆದೆ. ಮಗ್ಗದ ಸದ್ದು ಕೇಳದಾಯಿತು. ಗಂಡ ಎದ್ದು ಬಂದು ಏನೋ ಅಂದರು. ತುಟಿ ಅಲುಗಿದ್ದಷ್ಟೇ ಕಂಡಿತು.

ಅತ್ತೆಯ ದನಿ ಮಾತ್ರ ನಿಲ್ಲಲಿಲ್ಲ. ಯಂತ್ರವಿಲ್ಲದೆ ನನಗೆ ಇಂದಿಗೂ ಕೇಳುವುದು ಅದೊಂದೇ.