ಒರೆಸಿದ ಹಲಗೆ

ಬೆಳಿಗ್ಗೆ ಕಸ ಹೊಡೆಯಲು ಬಂದ ದುರಗಮ್ಮ ಕೋಣೆಯ ಚಿಲಕ ತೆಗೆದಳು. ಒಳಗೆ ಕಾಲಿಡಲಿಲ್ಲ. ನೆಲದ ತುಂಬ ಗಾಜು ಬಿದ್ದಿತ್ತು.

ಅವಳು ಕೂಗಲಿಲ್ಲ. ಪೊರಕೆಯನ್ನು ಬಾಗಿಲಿಗೆ ಆನಿಸಿಟ್ಟು ಹೆಡ್ ಮಾಸ್ತರ ಗವಿಸಿದ್ದಪ್ಪನವರ ಮನೆಗೆ ಹೋದಳು. ಗವಿಸಿದ್ದಪ್ಪ ಬಂದು ನೋಡಿದರು. ಒಡೆದದ್ದು ಏನೆಂದು ಅವರಿಗೆ ತಕ್ಷಣ ತಿಳಿಯಿತು. ಠಾಣೆಗೆ ಆಳು ಹೋಯಿತು.

ಅದು 1938ರ ಜೂನ್. ಬೇಸಿಗೆ ರಜೆ ಮುಗಿದಿತ್ತು. ಮರುದಿನ ಶಾಲೆಗಳು ತೆರೆಯಬೇಕು. ಅದಕ್ಕೂ ಮೊದಲು ಕುಷ್ಟಗಿಯ ಈ ಶಾಲೆಯಲ್ಲಿ ಸುತ್ತಲಿನ ಹಳ್ಳಿಗಳ ಮಾಸ್ತರರನ್ನು ಮೂರು ದಿನ ಕೂಡಿಸಿದ್ದರು. ಪಾಠ ಹೇಗೆ ಹೇಳಬೇಕೆಂದು ಕಲಿಸಲು ರಾಯಚೂರಿನಿಂದ ದೊಡ್ಡಬಸಪ್ಪ ಎಂಬವರು ಬಂದಿದ್ದರು. ಕೂಡಿದವರಲ್ಲಿ ತರಬೇತಿ ಶಾಲೆ ಕಂಡವರು ಅವರೊಬ್ಬರೇ. ಹೆಡ್ ಮಾಸ್ತರರೂ ಸೇರಿ ಉಳಿದವರೆಲ್ಲ ಪಾಠ ಹೇಳುತ್ತ ಹೇಳುತ್ತಲೇ ಮಾಸ್ತರರಾದವರು.

ದೊಡ್ಡಬಸಪ್ಪ ತಮ್ಮ ಜೊತೆ ಒಂದು ಚಿತ್ರದ ಲಾಟೀನು ತಂದಿದ್ದರು. ದೀಪದ ಮುಂದೆ ಗಾಜಿನ ಚಿತ್ರ ಇಟ್ಟರೆ ಗೋಡೆಯ ಮೇಲೆ ಅದು ದೊಡ್ಡದಾಗಿ ಕಾಣುತ್ತಿತ್ತು. ಸರಕಾರದ ಸಾಮಾನು. ಜಿಲ್ಲೆಗೆ ಇದ್ದದ್ದು ಅದೊಂದೇ. ಈಗ ಲಾಟೀನು ಮೇಜಿನ ಮೇಲೆ ನೆಟ್ಟಗೆ ನಿಂತಿತ್ತು. ಗಾಜಿನ ಚಿತ್ರಗಳೆಲ್ಲ ನೆಲದ ಮೇಲೆ ತುಂಡಾಗಿದ್ದವು. ನಡುವೆ ಒಂದು ಗುಂಡುಕಲ್ಲು.

ಅಮೀನ ಹುಸೇನಬಾಷಾ ಬಂದರು. ಠಾಣೆಯ ಅಧಿಕಾರಿ. ಇದೇ ಸೀಮೆಯವರು. ಅವಸರದ ಮನುಷ್ಯರಲ್ಲ. ಗಾಜನ್ನು ತುಳಿಯದೆ ಗೋಡೆಗುಂಟ ಒಂದು ಸುತ್ತು ಬಂದರು. ಕರಿಹಲಗೆಯ ಮುಂದೆ ನಿಂತರು. ಹಲಗೆ ಸ್ವಚ್ಛವಾಗಿತ್ತು. ಒರೆಸುವ ಅರಿವೆ ಪಕ್ಕದ ಮೊಳೆಗೆ ತೂಗುತ್ತಿತ್ತು. ಕಿಟಕಿಯ ಹೊರಗಿನ ಕಲ್ಲಿನ ಮೇಲೆ ಬಿಳಿ ಪುಡಿ ಬಿದ್ದಿತ್ತು.

"ಹಲಗಿ ನೀನ ಒರಸಿದೇನ್ವಾ?" ಎಂದು ಕೇಳಿದರು.

"ಇಲ್ರಿ ಸಾಹೇಬ್ರ," ಎಂದಳು ದುರಗಮ್ಮ. "ಹಲಗಿ ಮುಟ್ಟಬ್ಯಾಡ ಅಂತ ಹೆಡ್ ಮಾಸ್ತರು ನಿನ್ನಿ ಸಂಜೀಕ ಹೇಳಿದ್ರು. ನಾ ಚಿಲಕ ಹಾಕ್ಕೊಂಡು ಹೋಗುವಾಗ ಅದರಾಗ ಬಾವಿ ಚಿತ್ರ ಇತ್ರಿ."

\* \* \*

ಬಾವಿಯ ಚಿತ್ರ ಬರೆದವರು ಹುಲಿಹೈದರದ ಯಮನೂರಪ್ಪ. ಕುರಿ ಕಾಯುವವರ ಮನೆಯಲ್ಲಿ ಓದಿದ ಮೊದಲಿಗ. ಪರವೂರಲ್ಲಿ ಹಂಗಾಮಿ ಮಾಸ್ತರಿಕೆ. ಹಿಂದಿನ ದಿನ ಮಾದರಿ ಪಾಠದ ಸರದಿ ಅವರದು. ಬೇಸಿಗೆಯಲ್ಲಿ ಬಾವಿಯ ನೀರು ಯಾಕೆ ಕೆಳಗಿಳಿಯುತ್ತದೆ ಎಂಬುದು ಪಾಠ. ಭೂಮಿಯನ್ನು ಕತ್ತರಿಸಿ ತೋರಿಸಿದಂತೆ ಎರೆ ಮಣ್ಣು, ಗರಸು, ಬಂಡೆ, ನೀರು ಎಲ್ಲವನ್ನೂ ಬರೆದಿದ್ದರು.

ಪಾಠ ಮುಗಿದ ಮೇಲೆ ದೊಡ್ಡಬಸಪ್ಪ ಎಲ್ಲರೆದುರು ತಪ್ಪು ಎಣಿಸಿದರು. ಮಾತು ಹಳ್ಳಿಯ ಮಾತಾಯಿತು. ಮಕ್ಕಳಿಗೆ ಬೆನ್ನು ತಿರುಗಿಸಿ ಬಹಳ ಹೊತ್ತು ಬರೆದರು. ಕೊನೆಗೆ ಹಲಗೆ ಒರೆಸದೆ ಕೋಣೆ ಬಿಟ್ಟರು. ಇದು ತರಬೇತಿ ಇಲ್ಲದವರ ಗುರುತು. ಕೆಲವರು ನಕ್ಕರು. ಗವಿಸಿದ್ದಪ್ಪನವರಿಗೆ ಮಾತ್ರ ಚಿತ್ರ ಹಿಡಿಸಿತ್ತು. ನಾಳೆ ತನಿಖೆಯ ಸಾಹೇಬರೂ ನೋಡಲಿ, ಹಾಗೇ ಇರಲಿ ಎಂದಿದ್ದರು.

ಶಾಲೆಗಳ ತನಿಖೆಯ ಸಾಹೇಬರು ಕೊಪ್ಪಳದಿಂದ ಮಧ್ಯಾಹ್ನದ ಮೋಟಾರಿಗೆ ಬರುವವರಿದ್ದರು. ತರಬೇತಿ ಶಾಲೆಗೆ ಒಬ್ಬರನ್ನು ಆರಿಸಿ ಕಳಿಸುವ ಅಧಿಕಾರ ಅವರಿಗಿತ್ತು. ಹೋದವನ ಕೆಲಸ ಕಾಯಂ. ಕಳಂಕ ಹೊತ್ತ ಹಂಗಾಮಿಯವನು ನಾಳೆ ಶಾಲೆಯ ಬಾಗಿಲು ತೆರೆಯುವಂತಿಲ್ಲ.

ಕಳಂಕ ಆಗಲೇ ಬಂದಿತ್ತು. ಸಿಟ್ಟಿನಲ್ಲಿ ಯಮನೂರಪ್ಪ ಪಡಸಾಲೆಯಲ್ಲಿ ಆಡಿದ ಮಾತು ಎಲ್ಲರ ಕಿವಿಗೂ ಬಿದ್ದಿತ್ತು. ಆ ಗಾಜಿನ ಡಬ್ಬಿ ಇಲ್ಲದಿದ್ದರೆ ಈ ಮನುಷ್ಯನಿಗೆ ಪಾಠವೇ ಬರುವುದಿಲ್ಲ ಎಂದಿದ್ದರಂತೆ. ಸಂಜೆ ಹೆಡ್ ಮಾಸ್ತರರ ಮನೆಯಲ್ಲಿ ಎಲ್ಲರಿಗೂ ಊಟ. ಯಮನೂರಪ್ಪ ಹೋಗಲಿಲ್ಲ. ಈಗ ಅವರ ಹಿಮ್ಮಡಿಗೆ ಬಟ್ಟೆ ಸುತ್ತಿತ್ತು.

ಅಮೀನರು ಅವರನ್ನು ಬೇವಿನ ಗಿಡದ ಕೆಳಗೆ ಕೂರಿಸಿದರು.

"ಕಾಲಿಗೇನಾಗೇತಿ ಮಾಸ್ತರ?"

"ಜಾಲಿ ಮುಳ್ಳು ನಟ್ಟೈತ್ರಿ. ನಿನ್ನಿ ಸಂಜೀಕ ಕೆರಿ ಕಡೆ ಹೋಗಿದ್ದೆ."

"ಯಾರರ ನೋಡ್ಯಾರೇನು?"

"ಯಾರೂ ಇಲ್ರಿ. ನಗಿಸಿಕೊಂಡ ಮ್ಯಾಲ ಅವರ ಜೋಡಿ ಕುಂತು ಹೆಂಗ ಉಣ್ಣಲಿ?"

ಅಮೀನರು ಬಟ್ಟೆ ಬಿಚ್ಚಿಸಿದರು. ಸೀಳು ಇರಲಿಲ್ಲ. ಚುಚ್ಚಿದ ಒಂದು ತೂತು, ಸುತ್ತ ಊದಿದ ಚರ್ಮ. ಗಾಜು ಹಾಗೆ ಚುಚ್ಚುವುದಿಲ್ಲ.

"ಹಲಗಿ ನೀವ ಒರಸಿದ್ರೇನು? ಒರಸಲಿಲ್ಲ ಅಂತ ಬೈದಿದ್ರಲ್ಲ?"

ಯಮನೂರಪ್ಪ ತಲೆ ಎತ್ತಿದರು. "ಒರಸ್ಯಾರೇನ್ರಿ?" ಎಂದರು. "ಸಾಹೇಬ್ರು ಅದೊಂದು ನೋಡಿದ್ರ ಸಾಕಿತ್ರಿ. ಬಾಯಿಲೆ ಹೇಳಾಕ ನನಗ ಬರೂದಿಲ್ಲ."

\* \* \*

ಅಮೀನರು ಒಬ್ಬರೇ ಕೋಣೆಯಲ್ಲಿ ಕುಳಿತು ಯೋಚಿಸಿದರು. ಇಲ್ಲಿ ಎರಡು ಕೆಲಸ ನಡೆದಿವೆ. ಗಾಜು ಒಡೆದರೆ ದೊಡ್ಡಬಸಪ್ಪನವರಿಗೆ ನಷ್ಟ. ಹಲಗೆ ಒರೆಸಿದರೆ ಯಮನೂರಪ್ಪನವರಿಗೆ ನಷ್ಟ. ಇಬ್ಬರಿಗೂ ವೈರಿಯಾದವನು ಯಾರು? ಯಾರೂ ಕಾಣಲಿಲ್ಲ. ಹಾಗಾದರೆ ಎರಡರಲ್ಲಿ ಒಂದಕ್ಕೆ ವೈರ ಕಾರಣವಲ್ಲ.

ಗಾಜಿನ ಚಿತ್ರಗಳ ಮರದ ಪೆಟ್ಟಿಗೆ ಮೂಲೆಯಲ್ಲಿತ್ತು. ಪೆಟ್ಟು ಬಿದ್ದ ಗುರುತಿಲ್ಲ. ಒಳಗೆ ಒಣ ಹುಲ್ಲು ತುಂಬಿತ್ತು. ಅಮೀನರು ಕೈ ಹಾಕಿದರು. ಥಟ್ಟನೆ ಹಿಂದಕ್ಕೆ ತೆಗೆದರು. ಬೆರಳ ತುದಿಯಲ್ಲಿ ರಕ್ತ ಬಂದಿತ್ತು.

ಅವರು ಹುಲ್ಲನ್ನು ಬಿಳಿ ಟವೆಲಿನ ಮೇಲೆ ಕೊಡವಿದರು. ಸಣ್ಣ ಸಣ್ಣ ಗಾಜಿನ ಚೂರುಗಳು ಉದುರಿದವು. ನಂತರ ನೆಲಕ್ಕೆ ಬಾಗಿ ನೋಡಿದರು. ಅಲ್ಲಿ ದೊಡ್ಡ ತುಂಡುಗಳು ಬಹಳ ಇದ್ದವು. ಸಣ್ಣ ಚೂರು ಕಡಿಮೆ.

ದೊಡ್ಡಬಸಪ್ಪನವರನ್ನು ಕರೆಸಿದರು. ಅಚ್ಚುಕಟ್ಟಾದ ಮನುಷ್ಯ. ಕೋಟಿನ ಗುಂಡಿ ಕತ್ತಿನವರೆಗೂ ಹಾಕಿತ್ತು.

"ಊರಿಗೆ ಬಂದ ಮ್ಯಾಲ ಗಾಜು ತಪಾಸ ಮಾಡಿದ್ರೇನು?"

"ಬಂದ ಕೂಡಲೇ ಮಾಡೀನ್ರಿ. ಎಲ್ಲಾ ಛಲೋ ಇದ್ದವು."

"ಮತ್ತ ಎರಡು ದಿನ ಆತು, ಮಾಸ್ತರಿಗೆ ಒಂದೂ ತೋರಿಸಿಲ್ಲಂತ?"

"ಸಾಹೇಬರು ಬಂದ ಮೇಲೆ ಅವರ ಮುಂದೆ ತೋರಿಸಬೇಕಂತ ಇಟ್ಟಿದ್ದೆ."

ಅಮೀನರು ತಲೆದೂಗಿದರು. ಅವರನ್ನು ಕಳಿಸಿಕೊಟ್ಟರು.

\* \* \*

ಆಮೇಲೆ ಅವರು ಮಾಡಿದ್ದು ಮಾಸ್ತರರಿಗೆ ವಿಚಿತ್ರವಾಗಿ ಕಂಡಿತು. ಗಾಜನ್ನು ಒಂದು ಬದಿಗೆ ಸರಿಸಿದರು. ಒಬ್ಬೊಬ್ಬರನ್ನೇ ಒಳಗೆ ಕರೆದರು. ನಿನ್ನೆ ಊಟದ ಹೊತ್ತಿಗೆ ಎಲ್ಲಿದ್ದಿರಿ, ಯಾವ ದಾರಿಯಲ್ಲಿ ಬಂದಿರಿ, ಹಲಗೆಯ ಮೇಲೆ ಬರೆದು ತೋರಿಸಿ ಎಂದರು.

ಮೊದಲು ಗವಿಸಿದ್ದಪ್ಪ ಬಂದರು. ತಮ್ಮ ಮನೆ, ಶಾಲೆ, ನಡುವಿನ ಓಣಿ ಬರೆದರು. ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರಟರು. ಬೇವೂರಿನ ಮಾಸ್ತರರು ಖಾಲಿ ಮೂಲೆ ಹುಡುಕಿ ಬರೆದರು. ಅವರ ಹಿಂದೆ ಬಂದವರು ಅಂಗೈಯಿಂದ ಒಂದಿಷ್ಟು ಜಾಗ ಉಜ್ಜಿಕೊಂಡರು. ಯಮನೂರಪ್ಪ ಕೆರೆ ಬರೆದು ಏರಿಯ ಮೇಲೊಂದು ಚುಕ್ಕೆ ಇಟ್ಟರು. ಹಾಗೇ ಬಿಟ್ಟು ಹೋದರು. ಹಲಗೆ ಸಂತೆಯಂತಾಯಿತು.

ಕೊನೆಗೆ ದೊಡ್ಡಬಸಪ್ಪ ಬಂದರು. ಹಲಗೆ ನೋಡಿ ಹುಬ್ಬು ಗಂಟಿಕ್ಕಿದರು. ಅರಿವೆ ತೆಗೆದು ಮೇಲಿನಿಂದ ಕೆಳಗೆ ಒರೆಸಿದರು. ಗೆರೆ ಎಳೆದಂತೆ ನಕ್ಷೆ ಬರೆದರು. ತಲೆನೋವೆಂದು ಊಟದಿಂದ ಬೇಗ ಎದ್ದು, ಶಾಲೆಯ ಪಡಸಾಲೆಯಲ್ಲಿ ಮಲಗಿದ್ದಾಗಿ ಹೇಳಿದರು. ಕೋಣೆಯಲ್ಲಿ ಸದ್ದು ಕೇಳಿರಲಿಲ್ಲವಂತೆ.

"ಆತು, ಹೋಗಿ ಬರ್ರಿ," ಎಂದರು ಅಮೀನರು.

ದೊಡ್ಡಬಸಪ್ಪ ಹಲಗೆಯ ಕಡೆ ತಿರುಗಿದರು. ನಕ್ಷೆಯನ್ನು ಒರೆಸಿದರು. ಅರಿವೆಯನ್ನು ಕಿಟಕಿಯಾಚೆ ಝಾಡಿಸಿದರು. ಮೊಳೆಗೆ ನೇತುಹಾಕಿದರು.

"ಒರಸಿಬಿಟ್ರಲ್ರಿ. ನಾ ಇನ್ನೂ ನೋಡಾಕತ್ತಿದ್ದೆ."

"ತಪ್ಪಾತ್ರಿ. ಕೈಗೆ ರೂಢಿ ಆಗಿಬಿಟ್ಟೈತಿ," ಎಂದರು ದೊಡ್ಡಬಸಪ್ಪ. ಹೇಳಿದ ಮೇಲೆ ಅವರ ಕೈ ಮೊಳೆಯ ಹತ್ತಿರವೇ ನಿಂತಿತು.

\* \* \*

ತನಿಖೆಯ ಸಾಹೇಬರು ಮೋಟಾರಿನಿಂದಿಳಿದು ಬಂದಾಗ ಮಾಸ್ತರರೆಲ್ಲ ಅದೇ ಕೋಣೆಯಲ್ಲಿ ಸೇರಿದ್ದರು. ಅಮೀನರು ಸಾಹೇಬರಿಗೆ ಸರಕಾರಿ ಭಾಷೆ ಉರ್ದುವಿನಲ್ಲಿ ಒಮ್ಮೆ, ಮಾಸ್ತರರಿಗೆ ಕನ್ನಡದಲ್ಲಿ ಒಮ್ಮೆ ವಿಷಯ ಬಿಡಿಸಿ ಹೇಳಿದರು.

ಗಾಜನ್ನು ಪೆಟ್ಟಿಗೆಯಿಂದ ತೆಗೆದು ನೆಲಕ್ಕೆ ಹಾಕಿ ಜಜ್ಜಿದ್ದರೆ ಚೂರು ನೆಲದ ಮೇಲಿರಬೇಕು. ಇವು ಹುಲ್ಲಿನೊಳಗೆ ಇವೆ. ಅಂದರೆ ಗಾಜು ಪೆಟ್ಟಿಗೆಯೊಳಗೇ ಒಡೆದಿತ್ತು. ಒಡೆದದ್ದನ್ನು ಯಾರೋ ನೆಲಕ್ಕೆ ಸುರಿದರು, ನಡುವೆ ಕಲ್ಲು ಇಟ್ಟರು. ಪೆಟ್ಟಿಗೆಗೆ ಪೆಟ್ಟಿಲ್ಲ. ಕುಲುಕಾಟಕ್ಕೆ ಒಡೆದಿರಬೇಕು. ಕುಲುಕಾಟ ಆಗಿದ್ದು ದಾರಿಯಲ್ಲಿ. ಊರಿಗೆ ಬಂದಾಗ ಗಾಜೆಲ್ಲ ಸರಿಯಿತ್ತು ಎಂದವರು ಸುಳ್ಳು ಹೇಳಿದ್ದಾರೆ.

ಇನ್ನು ಹಲಗೆ. ಅದನ್ನು ದ್ವೇಷದಿಂದ ಒರೆಸಿದವನು ಅರಿವೆಯನ್ನು ಝಾಡಿಸಿ ಮೊಳೆಗೆ ಹಾಕುತ್ತಿರಲಿಲ್ಲ. ಬಂದ ಕೆಲಸ ಮುಗಿದಿತ್ತು, ಕೋಣೆ ಬಿಡಬೇಕಿತ್ತು. ಕೈ ತಾನಾಗಿ ತನ್ನ ಕೆಲಸ ಮಾಡಿತು. ಅಂಥ ಕೈ ಈ ಕೋಣೆಯಲ್ಲಿ ಒಂದೇ ಇದೆ.

ಎಲ್ಲರೂ ಒಂದೇ ಕಡೆ ನೋಡಿದರು. ದೊಡ್ಡಬಸಪ್ಪ ಬೆಂಚಿನ ಮೇಲೆ ಕುಳಿತುಬಿಟ್ಟರು.

ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬರಬೇಕೆಂದು ಅವರಿಗೆ ಕಟ್ಟಪ್ಪಣೆ ಇತ್ತು. ರೈಲಿಳಿದು ಕೊಪ್ಪಳದಿಂದ ಬರುವಾಗ ಮೋಟಾರಿನಲ್ಲಿ ಜನ ಕಿಕ್ಕಿರಿದಿದ್ದರು. ಪೆಟ್ಟಿಗೆಯನ್ನು ಮೋಟಾರಿನ ಮೇಲೆ ಕಟ್ಟಿಸಿದ್ದರು. ಇಲ್ಲಿ ಬಂದು ತೆರೆದಾಗ ಒಂದೂ ಉಳಿದಿರಲಿಲ್ಲ. ಎರಡು ದಿನ ಏನು ಮಾಡಬೇಕೆಂದು ತೋಚಲಿಲ್ಲ. ಯಮನೂರಪ್ಪ ಸಿಟ್ಟಿನಲ್ಲಿ ಮಾತಾಡಿದ್ದು ಕಿವಿಗೆ ಬಿದ್ದಾಗ ದಾರಿ ಕಂಡಿತು. ಇಷ್ಟನ್ನೂ ಅವರು ತಲೆ ತಗ್ಗಿಸಿಯೇ ಹೇಳಿದರು.

"ನಾ ಹಲಗಿ ಒರಸಿದ್ದು ನನಗ ನೆನಪ ಇಲ್ರಿ," ಎಂದರು ಕೊನೆಗೆ.

"ಗೊತ್ತೈತ್ರಿ," ಎಂದರು ಅಮೀನರು. "ಗಾಜು ಒಡದದ್ದು ನಿಮ್ಮ ನಸೀಬು. ಅದಕ್ಕ ನಾ ಬರಬೇಕಾಗಿರಲಿಲ್ಲ. ಇನ್ನೊಬ್ಬರ ತಲಿಮ್ಯಾಲ ಹಾಕಿದ್ರಿ ನೋಡ್ರಿ, ಅದಕ್ಕ ಬಂದೆ."

ನಿನ್ನೆ ನಕ್ಕವರು ನೆಲ ನೋಡುತ್ತಿದ್ದರು. ಗವಿಸಿದ್ದಪ್ಪ ಸಾಹೇಬರ ಹತ್ತಿರ ಹೋಗಿ ಏನೋ ಹೇಳಿದರು. ಸಾಹೇಬರು ಹಲಗೆಯತ್ತ ಕೈ ತೋರಿಸಿದರು.

ಯಮನೂರಪ್ಪ ಎದ್ದು ಸೀಮೆಸುಣ್ಣ ತೆಗೆದುಕೊಂಡರು. ಎರೆ ಮಣ್ಣು ಬಂತು. ಗರಸು ಬಂತು. ಬಂಡೆ ಬಂತು. ನೀರಿನ ಗೆರೆ ಎಳೆದು ಚಿತ್ರದ ಬದಿಗೆ ಸರಿದು ನಿಂತರು. ಮಾತು ಹಳ್ಳಿಯದೇ ಆಗಿತ್ತು. ಸಾಹೇಬರು ಎರಡು ಪ್ರಶ್ನೆ ಕೇಳಿದರು. ಗವಿಸಿದ್ದಪ್ಪ ಕನ್ನಡಕ್ಕೆ ತಿರುಗಿಸಿದರು. ಎರಡಕ್ಕೂ ಉತ್ತರ ಚಿತ್ರದಲ್ಲೇ ಇತ್ತು. ಯಮನೂರಪ್ಪ ಬೆರಳಿಟ್ಟು ತೋರಿಸಿದರು. ಸಾಹೇಬರು ಅವರ ಹೆಸರನ್ನೂ ಊರನ್ನೂ ಕೇಳಿ ಬರೆದುಕೊಂಡರು.

ಪಾಠ ಮುಗಿಯಿತು. ಯಮನೂರಪ್ಪ ಬಾಗಿಲ ತನಕ ಹೋದವರು ತಟ್ಟನೆ ನಿಂತರು. ತಿರುಗಿ ಬಂದು ಮೊಳೆಯ ಕಡೆ ಕೈ ಚಾಚಿದರು. ಮೊಳೆ ಬರಿದಾಗಿತ್ತು.

ಅರಿವೆ ಅಮೀನರ ಕೈಯಲ್ಲಿತ್ತು. ಅವರು ಅದನ್ನು ಮಡಿಸಿ ಕಾಗದದಲ್ಲಿ ಸುತ್ತುತ್ತಿದ್ದರು.

"ಇದು ಠಾಣೇಕ ಹೋಗತೈತ್ರಿ ಮಾಸ್ತರ," ಎಂದರು. "ಇವತ್ತೊಂದಿನ ಚಿತ್ರ ಹಂಗ ಇರಲಿ ಬಿಡ್ರಿ."