ಖಾಸದಾರರು ಹಳ್ಳ ದಾಟಿದ್ದು

೧೯೭೭ರ ಏಪ್ರಿಲ್, ಮಧ್ಯಾಹ್ನ ಎರಡು ಗಂಟೆ. ಪಕ್ಷದ ಕಾರ್ಯಕರ್ತ ಬಸಲಿಂಗಪ್ಪ ಹೂವಿನ ಹಾರ ಹಿಡಿದುಕೊಂಡೇ ಬೈಲಹೊಂಗಲ ಠಾಣೆಗೆ ಓಡಿಬಂದ.

"ಖಾಸದಾರು ಕಳವಾಗ್ಯಾರ್ರಿ."

"ಕಳವಾಗೋದು ಸಾಮಾನ್ರಿ. ಮನಷ್ಯಾರು ಕಾಣಿಯಾಗ್ತಾರ," ಎಂದ ಸಬ್ ಇನ್‌ಸ್ಪೆಕ್ಟರ್ ಅಂದಾನೆಪ್ಪ.

"ಎಫ್‌ಐಆರ್‌ನ್ಯಾಗ ಏನಾರ ಬರ್ಕೋರಿ. ಅವರನ್ನ ಹುಡಕ್ರಿ."

ಹೊಸದಾಗಿ ಲೋಕಸಭೆಗೆ ಆರಿಸಿಬಂದ ಖಾಸದಾರರು ಇಲ್ಲಿ ಸತ್ಕಾರ ಮುಗಿಸಿ ಸವದತ್ತಿಗೆ ಹೊರಟಿದ್ದರು. ಅಲ್ಲಿಗೆ ತಲುಪಿಯೇ ಇರಲಿಲ್ಲ. ಅಷ್ಟರಲ್ಲಿ ಡಿವೈಎಸ್‌ಪಿಯವರ ಫೋನು ಬಂತು: "ಸಂಜಿಯೊಳಗ ಖಾಸದಾರೂ ಬೇಕು, ಆರೋಪಿನೂ ಬೇಕು. ಇಲ್ಲಂದ್ರ ಪಟ್ಟಾ ಬಿಚ್ಚಿಡ್ರಿ." ಅಂದಾನೆಪ್ಪ ಟೋಪಿ ಹಾಕಿಕೊಂಡು ಹೊರಟ.

ಸವದತ್ತಿ ರಸ್ತೆಯಲ್ಲಿ ಜೀಪು ಖಾಲಿ ನಿಂತಿತ್ತು. ಅದರ ಮುಂದೆ ಕಬ್ಬಿನ ಚಕ್ಕಡಿಯೊಂದು ಅಡ್ಡ. ಕಾನ್‌ಸ್ಟೇಬಲ್ ಹಜರತಸಾಬ ಪಂಚರನ್ನು ಕರೆಸಿ ಪಂಚನಾಮೆಗೆ ಕುಳಿತ.

"ಚಕ್ಕಡಿ ಪಲ್ಟಿ ಅಂತ ಬರೀಲ್ರಿ ಸಾಹೇಬ್ರ?"

ಅಂದಾನೆಪ್ಪ ಬಗ್ಗಿ ನೋಡಿದ. ರಸ್ತೆಯ ಮೇಲಿದ್ದ ಕಬ್ಬಿನ ಹೊರೆಗಳ ಕಟ್ಟು ಬಿಚ್ಚಿರಲಿಲ್ಲ, ಒಂದರ ಪಕ್ಕ ಒಂದು ಒಪ್ಪವಾಗಿದ್ದವು. ಎತ್ತುಗಳು ಬೇವಿನ ನೆರಳಲ್ಲಿ ಆರಾಮಾಗಿ ಮೇಯುತ್ತಿದ್ದವು.

"ಬಿದ್ದಿಲ್ಲೋ ಮಾರಾಯ. ಇಳಿಸಿ ಇಟ್ಟಾರ."

ಹೆಜ್ಜೆ ಗುರುತು ಹಳ್ಳದತ್ತ ಹೋಗಿತ್ತು. ದಂಡೆಯ ಮೇಲೆ ಖಾಸದಾರರ ಹೊಸ ಚಪ್ಪಲಿಗಳಿದ್ದವು. ಬೇಸಿಗೆಯಲ್ಲೂ ಮೊಳಕಾಲುದ್ದ ನೀರು, ಸೇತುವೆಯಿಲ್ಲ. ಇಬ್ಬರೂ ಬೂಟು ಕೈಯಲ್ಲಿ ಹಿಡಿದು ಆಚೆಯ ಕಾರೀಕೊಪ್ಪಕ್ಕೆ ದಾಟಿದರು.

ಅಪಹರಣಕ್ಕೊಳಗಾದವರು ಕಂಬಳಿಯ ಮೇಲೆ ಕುಳಿತು ತುಪ್ಪ ಸುರಿದ ಹೋಳಿಗೆ ಉಣ್ಣುತ್ತಿದ್ದರು. ಸುತ್ತ ಊರಿಗೆ ಊರೇ ನಗುತ್ತಿತ್ತು. ಅಂದಾನೆಪ್ಪ ಬೂಟು ಕೆಳಗಿಟ್ಟು ಕೇಳಿದ.

"ಗಾಡಿ ಅಡ್ಡ ಹಾಕಿದಾವ್ರು ಯಾರು?"

"ನಾನ," ಎಂದಳು ಬಡಿಸುತ್ತಿದ್ದ ಮುದುಕಿ ಲಗಮವ್ವ.

"ಯಾಕ?"

"ಮತಗಟ್ಟಿ ಹಳ್ಳದಾಚಿ ಐತ್ರಿ. ಪ್ರತಿ ಇಲೆಕ್ಷನ್‌ಗೂ ಸೀರಿ ತೋಯಿಸ್ಕೊಂಡು ದಾಟಿ ಓಟು ಹಾಕೇನಿ. ಒಮ್ಮಿ ಆರಿಸಿಬಂದಾವ್ರೂ ಧೋತ್ರ ತೋಯಿಸ್ಕೊಂಡು ಈ ಕಡಿ ಬರಲಿ, ಆವಾಗ ಹಳ್ಳಕ್ಕ ಪೂಲ್ ಯಾಕ ಬೇಕಂತ ತಿಳಿತೈತಿ ಅಂದೆ. ಸುಮ್ನ ಕರದಿದ್ರ ಬರ್ತಿದ್ರೇನ್ರಿ?"

ಅಂದಾನೆಪ್ಪನಿಗೆ ಆಗ ಹೊಳೆಯಿತು. ಹೊಸ ಗಡಿಯ ಪ್ರಕಾರ ರಸ್ತೆಯ ಈ ಬದಿಯ ಹಳ್ಳಿಗಳೆಲ್ಲ ಪಕ್ಕದ ಕ್ಷೇತ್ರಕ್ಕೆ ಸೇರಿದ್ದವು. ಮಾರ್ಚ್ ತಿಂಗಳ ಚುನಾವಣೆಯಲ್ಲಿ ಇಲ್ಲಿನ ಮತಗಟ್ಟೆಯ ಬಂದೋಬಸ್ತಿಗೆ ನಿಂತಿದ್ದವನು ತಾನೇ. ಅಭ್ಯರ್ಥಿ ಯಾರೆಂದು ಕೇಳದೆ ಪಕ್ಷದ ಚಿಹ್ನೆ ನೋಡಿ ಓಟು ಹಾಕಿದ ಲಗಮವ್ವ ಬೇರೆಯವರ ಖಾಸದಾರರನ್ನು ಹಿಡಿದು ತಂದಿದ್ದಳು. ಅವನು ಖಾಸದಾರರ ಕಿವಿಯಲ್ಲಿ ಪಿಸುಗುಟ್ಟಿದ.

"ಸಾಹೇಬ್ರ, ಇದು ನಿಮ್ಮ ಕ್ಷೇತ್ರ ಅಲ್ರಿ. ಈಕಿ ಓಟು ನಿಮಗ ಬಿದ್ದಿಲ್ಲ."

ಬಾಯಿಗೆ ಹೋಗುತ್ತಿದ್ದ ತುತ್ತು ನಿಂತಿತು. ಖಾಸದಾರರು ತುಪ್ಪದ ಗಿಂಡಿ ಹಿಡಿದು ನಿಂತ ಮುದುಕಿಯನ್ನು ನೋಡಿದರು, ತಮ್ಮ ತೊಯ್ದ ಧೋತ್ರವನ್ನು ನೋಡಿದರು.

"ಮೂರು ಹೋಳಿಗಿ ಉಂಡ ಮ್ಯಾಲ ಹೇಳ್ತೀರಲ್ರಿ," ಎಂದು ಮೆಲ್ಲಗೆ ನಕ್ಕು, ತಾಟು ಮುಂದೆ ಮಾಡಿದರು. "ಇನ್ನೊಂದು ಹಾಕವ್ವಾ. ಪೂಲಿನ ಮಾತು ದಿಲ್ಲ್ಯಾಗ ನಾನ ಎತ್ತತೇನಿ."

ಆದರೂ ಡಿವೈಎಸ್‌ಪಿ ಸಾಹೇಬರ ಹುಕುಂ ಹುಕುಂ. ರಸ್ತೆ ತಡೆದ ಆರೋಪದ ಮೇಲೆ ಲಗಮವ್ವನ ಬಂಧನವಾಯಿತು. ಅವಳು ಇಳಕಲ್ ಸೀರೆ ಉಟ್ಟು ಬಂದು ಅಲ್ಲೇ ಕಂಬಳಿಯ ಮೇಲೆ ಕುಳಿತಳು. ಆರೋಪಿಯ ಉದ್ದೇಶವೆಂದು ಅಂದಾನೆಪ್ಪ ಬರೆದ: ತಾನು ಆರಿಸಿ ಕಳಿಸಿದವರನ್ನು ಒಮ್ಮೆ ಮನೆತನಕ ಕರೆತರುವುದು.

"ಜಾಮೀನಿಗೆ ಯಾರದೀರಿ?"

"ನಾನದೇನಿ," ಎಂದರು ಖಾಸದಾರರು.

"ಆರೋಪಿಗೆ ನೀವೇನಾಗಬೇಕು ಅಂತ ಬರೀಲ್ರಿ?"

"ನಾ ಆಕಿ ಖಾಸದಾರ ಅಂತ ಬರೀರಿ."

ತಪ್ಪೆಂದು ಚೆನ್ನಾಗಿ ಗೊತ್ತಿದ್ದೂ ಅಂದಾನೆಪ್ಪ ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದ.